ಕೊಟ್ಟಿಗೆಗೆ ಬಂದ ಅತಿಥಿಗಳು

ಮಲೆನಾಡಿನಲ್ಲಿ ಈಗ ದನಕ್ಕಿಂತ ಕೊಟ್ಟಿಗೆಗೆ ಬೆಲೆ ಹೆಚ್ಚು. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ, ಮಡಿಕೇರಿ ಹೀಗೆ ಯಾವ ದಾರಿ ಹಿಡಿದು ಹೋದರೂ ಎಸ್ಟೇಟ್ ಗೇಟುಗಳ ಪಕ್ಕ ಹೋಂ ಸ್ಟೇ ಫಲಕಗಳು ಕಾಣುತ್ತವೆ. ಹೊಸದಾಗಿ ಕಟ್ಟಿದವುಗಳ ಬಗ್ಗೆ ನಮ್ಮ ಮಾತಿಲ್ಲ. ಒಂದು ಕಾಲಕ್ಕೆ ದನ ಕಟ್ಟುತ್ತಿದ್ದ, ಏಲಕ್ಕಿ ಒಣಗಿಸುತ್ತಿದ್ದ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದ, ಭತ್ತ ತುಂಬುತ್ತಿದ್ದ, ಕೂಲಿಯಾಳುಗಳು ಇರುತ್ತಿದ್ದ ಕಟ್ಟಡಗಳು ಕೆಲಸ ಕಳೆದುಕೊಂಡು, ಶನಿವಾರ ಬೆಂಗಳೂರಿನಿಂದ ಬಂದು ಸೋಮವಾರ ಬೆಳಿಗ್ಗೆ ಹೊರಡುವವರ ಮಲಗುವ ಕೋಣೆಗಳಾಗಿವೆಯಲ್ಲ, ಅವುಗಳ ಬಗ್ಗೆ.

ಇದನ್ನು ಪ್ರವಾಸೋದ್ಯಮದ ವಿಷಯವೆಂದು ದಿನಪತ್ರಿಕೆಗಳ ವಾಣಿಜ್ಯ ಪುಟಕ್ಕೆ ಬಿಟ್ಟುಕೊಡುವುದು ರೂಢಿ. ನಮಗೆ ಇದು ಸಂಸ್ಕೃತಿಯ ವಿಷಯವೂ ಹೌದೆಂದು ತೋರುತ್ತದೆ. ಕಟ್ಟಡವೊಂದನ್ನು ಬೇರೆ ಉಪಯೋಗಕ್ಕೆ ತಿರುಗಿಸುವವರು ಅದರ ಬಗ್ಗೆ ಒಂದು ಕಥೆಯನ್ನೂ ಕಟ್ಟಬೇಕಾಗುತ್ತದೆ. ಬಾಡಿಗೆ ಬರುವುದು ಗೋಡೆಗೆ ಮಾತ್ರವಲ್ಲ, ಆ ಕಥೆಗೂ. ಅದರಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಕೇಳಲು ವಿಮರ್ಶೆಗೆ ಹಕ್ಕಿದೆ.

ಮೊದಲಿಗೆ ಮಾಲೀಕರಿಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಹೋಂ ಸ್ಟೇ ಎಂದ ಕೂಡಲೇ ಸಾಹುಕಾರರ ದುರಾಸೆ ಎಂದು ಮೂಗು ಮುರಿಯುವ ಬರಹಗಳು ನಮ್ಮಲ್ಲಿ ಸಾಕಷ್ಟಿವೆ. ಆದರೆ ಈ ಕಟ್ಟಡಗಳು ಸುಮ್ಮನೆ ಖಾಲಿಯಾಗಲಿಲ್ಲ. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಕುಸಿಯಿತು. 1940ರ ದಶಕದಿಂದ ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ತಾನೇ ಮಾರುತ್ತಿದ್ದ ಕಾಫಿ ಮಂಡಳಿ 1992ರಿಂದ ಹಂತಹಂತವಾಗಿ ಹಿಂದೆ ಸರಿದು, 1996ರ ಹೊತ್ತಿಗೆ ಆ ಕೆಲಸವನ್ನೇ ಕೈಬಿಟ್ಟಿತು. 1994ರಲ್ಲಿ ಬ್ರೆಜಿಲ್‌ನ ತೋಟಗಳು ಹಿಮಕ್ಕೆ ಸುಟ್ಟುಹೋದಾಗ ನಮ್ಮ ಬೆಳೆಗಾರರು ಒಂದಷ್ಟು ದುಡ್ಡು ಕಂಡದ್ದು ನಿಜ. ಜೀಪು ಕೊಂಡರು, ಮನೆಗೆ ಮೊಸಾಯಿಕ್ ಹಾಕಿಸಿದರು. 2001-02ರ ಹೊತ್ತಿಗೆ ಜಾಗತಿಕ ಬೆಲೆ ಮೂರು ದಶಕಗಳಲ್ಲೇ ತೀರ ಕೆಳಗೆ ಬಿತ್ತು. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಬೆಳೆಯುವ ಕರ್ನಾಟಕಕ್ಕೇ ಅದರ ಪೆಟ್ಟು ಹೆಚ್ಚು ತಗುಲಿತು. ಹತ್ತಿಪ್ಪತ್ತು ಎಕರೆಯವರು ಬ್ಯಾಂಕಿನ ನೋಟೀಸು ಹಿಡಿದು ಕುಳಿತ ಆ ವರ್ಷಗಳಲ್ಲೇ ಹೋಂ ಸ್ಟೇ ಎಂಬ ಪದ ಮಲೆನಾಡಿನ ಬಾಯಿಗೆ ಬಂತು. ಏಲಕ್ಕಿಯ ಕಥೆ ಇನ್ನೂ ಹಿಂದಿನದು. ಕಟ್ಟೆ ರೋಗ ತೋಟಗಳನ್ನು ತಿಂದ ಮೇಲೆ ಏಲಕ್ಕಿ ಒಣಗಿಸುವ ಒಲೆಮನೆಗಳು ಬಾವಲಿಗಳ ಪಾಲಾಗಿದ್ದವು. ಗದ್ದೆಗೆ ಟಿಲ್ಲರ್ ಬಂದು ಎತ್ತು ಹೋಯಿತು. ಆಮೇಲೆ ಗದ್ದೆಯೇ ಪಾಳು ಬಿದ್ದು ಕಣಜ ಬರಿದಾಯಿತು.

ಹೀಗೆ ಖಾಲಿಬಿದ್ದ ಕಟ್ಟಡ ಮಲೆನಾಡಿನ ಮಳೆಯಲ್ಲಿ ಹೆಚ್ಚು ಕಾಲ ನಿಲ್ಲುವುದಿಲ್ಲ. ಒಂದು ಹೆಂಚು ಜಾರಿದರೆ ಮೂರನೆಯ ಮಳೆಗಾಲಕ್ಕೆ ಪಕಾಸು ಕೊಳೆಯುತ್ತದೆ, ಐದನೆಯದಕ್ಕೆ ಮಣ್ಣಿನ ಗೋಡೆ ಕರಗುತ್ತದೆ. ಅಷ್ಟರೊಳಗೆ ಹಳೆಯ ಮರದ ವ್ಯಾಪಾರಿ ಬಂದು ಕಂಬ, ಬಾಗಿಲುವಾಡವನ್ನು ಲಾರಿಗೆ ಹೇರಿರುತ್ತಾನೆ. ಬೇಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಘಟ್ಟ ಹತ್ತಿ ಬಂದ ಆ ಹೆಂಚುಗಳನ್ನು, ಹೊನ್ನೆ ಮರದ ತೊಲೆಗಳನ್ನು ಅತಿಥಿಗಳ ಬಾಡಿಗೆ ಉಳಿಸಿದೆ ಎಂದರೆ ಸುಳ್ಳಲ್ಲ. ಇನ್ನೊಂದು ಲಾಭವನ್ನೂ ಹೇಳಬೇಕು. ಕಾಫಿಯ ದುಡ್ಡು ಯಾವತ್ತೂ ಗಂಡಸರ ಕೈಯಲ್ಲಿತ್ತು. ಹೋಂ ಸ್ಟೇಯ ಅಡುಗೆಮನೆಯ ದುಡ್ಡು ಅನೇಕ ಮನೆಗಳಲ್ಲಿ ಹೆಂಗಸರ ಕೈಗೆ ಬಂದಿದೆ. ಪಂದಿ ಕರಿಯ ಪಾತ್ರೆ, ಸೌಟು ಎಲ್ಲವೂ ಬೇರೆಯೇ ಇವೆ ಎಂದು ನಾವು ಕೇಳುವ ಮೊದಲೇ ಹೇಳಿ, ನಮ್ಮ ಎದುರಿಗೇ ಕಡಂಬುಟ್ಟು ಬೇಯಿಸಿಕೊಟ್ಟ ಕೊಡಗಿನ ಒಬ್ಬ ಮನೆಯೊಡತಿಯ ಸೂಕ್ಷ್ಮವನ್ನು ನಾವು ಯಾವ ಸಿದ್ಧಾಂತಕ್ಕೂ ಬಿಟ್ಟುಕೊಡಲಾರೆವು.

ಇಷ್ಟು ಹೇಳಿದ ಮೇಲೆ ಕಟ್ಟಡಗಳ ಒಳಗೆ ಹೋಗೋಣ.

ಕೊಟ್ಟಿಗೆ ಎಂಬುದು ಮನುಷ್ಯರಿಗಾಗಿ ಅಳೆದು ಕಟ್ಟಿದ್ದಲ್ಲ. ಸೂರು ತಗ್ಗು, ನೆಲ ಒಂದು ಕಡೆಗೆ ಇಳಿಜಾರು, ಇಳಿಜಾರಿನ ಕೊನೆಯಲ್ಲಿ ಗಂಜಲ ಹರಿಯುವ ಕಾಲುವೆ, ಅದರಾಚೆ ಗೊಬ್ಬರದ ಗುಂಡಿ. ಇದು ಕೋಣೆಯಾಗಬೇಕಾದರೆ ನೆಲ ಅಗೆದು ಸಮ ಮಾಡಬೇಕು, ಸೂರು ಎತ್ತಬೇಕು, ಒಂದು ಮೂಲೆಯಲ್ಲಿ ಶೌಚಾಲಯ ತರಬೇಕು. ಗೊಬ್ಬರದ ಗುಂಡಿ ಇದ್ದಲ್ಲಿ ಸೆಪ್ಟಿಕ್ ಗುಂಡಿ ಬರುತ್ತದೆ. ಹೀಗೆ ಗೊಬ್ಬರ ಕೊಡುತ್ತಿದ್ದ ಜಾಗ ಗೊಬ್ಬರ ಕೊಡದ ಜಾಗವಾಗುತ್ತದೆ, ತೋಟಕ್ಕೆ ಚೀಲದ ಗೊಬ್ಬರ ಬರುತ್ತದೆ. ಪಲ್ಪರ್ ಮನೆಯ ತೊಟ್ಟಿಗಳು ಇನ್ನೂ ಸುಲಭ. ಸಿಪ್ಪೆ ಸುಲಿದ ಕಾಫಿ ಬೀಜವನ್ನು ತೊಳೆಯುತ್ತಿದ್ದ ತೊಟ್ಟಿಗೆ ನೀಲಿ ಬಿಲ್ಲೆ ಅಂಟಿಸಿ ಮಕ್ಕಳ ಈಜುಕೊಳ ಮಾಡಿದ್ದನ್ನು ನಾವು ನೋಡಿದ್ದೇವೆ. ಚೆನ್ನಾಗಿಯೇ ಇತ್ತು.

ಕಣದ ಸಂಗತಿ ಮಾತ್ರ ಅಷ್ಟು ಸಲೀಸಲ್ಲ. ಕಾಫಿ ಕಣ ಮಲೆನಾಡಿನ ದೊಡ್ಡ ಬಯಲು, ಆದ್ದರಿಂದ ಕಾರು ನಿಲ್ಲಿಸಲು, ರಾತ್ರಿ ಬೆಂಕಿ ಹಾಕಿ ಕೂರಲು ಹೇಳಿ ಮಾಡಿಸಿದ ಜಾಗ. ಆದರೆ ಕಣ ಬೇಕಾಗುವ ಕಾಲ ಮತ್ತು ಅತಿಥಿಗಳು ಬರುವ ಕಾಲ ಒಂದೇ. ಕೊಯ್ಲು ಡಿಸೆಂಬರಿನಲ್ಲಿ ಏರುತ್ತದೆ. ಕ್ರಿಸ್‌ಮಸ್, ಹೊಸ ವರ್ಷದ ರಜೆಗಳೂ ಆಗಲೇ. ಚೆರಿ ಕಾಫಿ ಹನ್ನೆರಡು ಹದಿನೈದು ದಿನ ಕಣದಲ್ಲಿ ಹರಡಿ ಒಣಗಬೇಕು, ದಿನಕ್ಕೆ ಹಲವು ಸಲ ಕೈಯಾಡಿಸಬೇಕು. ಕೈಯಾಡಿಸುವ ಹೆಂಗಸರೇ ಹಾಸಿಗೆ ಕೊಡವಲೂ ಬೇಕು. ಯಾವ ಕೆಲಸ ಮೊದಲು ಎಂಬ ಪ್ರಶ್ನೆ ಬಂದಾಗ ಅಂದಂದೇ ದುಡ್ಡು ಕೊಡುವ ಕೆಲಸವೇ ಗೆಲ್ಲುತ್ತದೆ. ಬಳಕೆಯಲ್ಲಿಲ್ಲದ ಕಟ್ಟಡವನ್ನು ಬಳಕೆಗೆ ತಂದೆವು ಎಂಬ ಮಾತು ಇಲ್ಲಿ ಸಡಿಲವಾಗುತ್ತದೆ. ಬಳಕೆಯಲ್ಲಿರುವುದನ್ನೂ ಬಳಕೆ ತಪ್ಪಿಸುವ ಶಕ್ತಿ ಹೊಸ ದುಡ್ಡಿಗಿದೆ.

ಆದರೂ ಕೊಟ್ಟಿಗೆ, ತೊಟ್ಟಿ, ಕಣ ಇವು ನಮ್ಮನ್ನು ನಿದ್ದೆಗೆಡಿಸುವುದಿಲ್ಲ. ನಮ್ಮನ್ನು ಕಾಡಿದ್ದು ಲೈನ್ ಮನೆ.

ಬಯಲುಸೀಮೆಯ ಓದುಗರಿಗೆ ಇದನ್ನು ವಿವರಿಸಬೇಕು. ಎಸ್ಟೇಟಿನ ಕೂಲಿಕಾರರಿಗಾಗಿ ಒಂದೇ ಮಾಡಿನ ಕೆಳಗೆ ಸಾಲಾಗಿ ಕಟ್ಟಿದ ಕೋಣೆಗಳೇ ಲೈನ್. ಒಂದು ಬಾಗಿಲು, ಒಂದು ಕಿಟಕಿ, ಅಥವಾ ಕಿಟಕಿಯೇ ಇಲ್ಲ. ಎರಡು ಸಂಸಾರಗಳ ನಡುವೆ ಒಂದೇ ಗೋಡೆ, ಅದೂ ಮಾಡಿನವರೆಗೆ ಮುಟ್ಟದ ಗೋಡೆ. ಒಬ್ಬರ ಒಲೆಯ ಹೊಗೆ ಇನ್ನೊಬ್ಬರ ಕಣ್ಣಿಗೆ, ಒಬ್ಬರ ಜಗಳ ಎಲ್ಲರ ಕಿವಿಗೆ. ಘಟ್ಟದ ಕೆಳಗಿನಿಂದ, ತಮಿಳುನಾಡಿನಿಂದ, ಮಲಬಾರಿನಿಂದ ಬಂದವರು ಇಲ್ಲಿ ಇದ್ದರು. ಕೊಡಗಿನಲ್ಲಿ ಯರವರು, ಜೇನುಕುರುಬರು ತಲೆಮಾರುಗಳ ಕಾಲ ಇದ್ದರು, ಇನ್ನೂ ಇದ್ದಾರೆ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಕೂಲಿಕಾರರಿಗೆ ಮನೆ ಕೊಡುವ ಹೊಣೆಯನ್ನು ದೊಡ್ಡ ತೋಟಗಳ ಮಾಲೀಕರ ಮೇಲೆ ಹೊರಿಸಿತು. 1981ರ ತಿದ್ದುಪಡಿ ಐದು ಹೆಕ್ಟೇರ್‌ನ, 15 ಜನ ದುಡಿಯುವ ತೋಟಗಳವರೆಗೆ ಅದನ್ನು ಇಳಿಸಿತು. 2020ರ ಕಾರ್ಮಿಕ ಸಂಹಿತೆಯೊಳಗೆ ಆ ಕಾಯ್ದೆಯನ್ನು ಸೇರಿಸಲಾಯಿತು. ಲೈನ್ ಮನೆಯಲ್ಲಿದ್ದವರಿಗೆ ಅದು ತಮ್ಮದೆಂಬ ಹಕ್ಕು ಎಂದೂ ಬರಲಿಲ್ಲ. ಕೆಲಸ ಇದ್ದಷ್ಟು ದಿನ ಮನೆ. ಕೆಲಸ ಬಿಟ್ಟರೆ ಮನೆಯೂ ಬಿಡಬೇಕು, ಸಾಲವಿದ್ದರೆ ಎರಡನ್ನೂ ಬಿಡುವಂತಿಲ್ಲ.

ಈ ಲೈನ್ ಮನೆ ಕಾಟೇಜಾಗುವ ಕ್ರಮ ಸರಳ. ಎರಡು ಕೋಣೆಗಳ ನಡುವಿನ ಗೋಡೆ ಒಡೆಯುತ್ತಾರೆ. ಒಂದು ಕೋಣೆ ಮಲಗಲು, ಇನ್ನೊಂದರಲ್ಲಿ ಸ್ನಾನದ ಮನೆ ಮತ್ತು ಕುರ್ಚಿ ಹಾಕಿ ಕೂರುವ ಜಾಗ. ಎರಡು ಸಂಸಾರಗಳಿದ್ದಲ್ಲಿ ವಾರಕ್ಕೆರಡು ರಾತ್ರಿ ಒಂದು ಜೋಡಿ ಮಲಗುತ್ತದೆ. ಮಿಕ್ಕ ಐದು ರಾತ್ರಿ ಬೀಗ. ಹೊರಗಿನ ಉದ್ದ ಜಗಲಿಯನ್ನು ಹಾಗೆಯೇ ಉಳಿಸಿಕೊಳ್ಳುತ್ತಾರೆ, ಏಕೆಂದರೆ ಮಳೆ ನೋಡಲು ಅದು ಚಂದ. ಬಾಗಿಲ ಮೇಲೆ ಪ್ಲಾಂಟರ್ಸ್ ಎಂಬ ಪದವಿರುವ ಒಂದು ಹೆಸರು ತೂಗುತ್ತದೆ. ಪ್ಲಾಂಟರ್ ಒಂದು ರಾತ್ರಿಯೂ ಮಲಗದಿದ್ದ ಸೂರಿಗೆ ಪ್ಲಾಂಟರನ ಹೆಸರು!

ಅಲ್ಲಿದ್ದವರು ಎಲ್ಲಿ ಹೋದರು? ಕೆಲವರು ಆಶ್ರಯ ಮನೆಗಳಿಗೆ, ಪೇಟೆಯ ಬದಿಯ ಕಾಲೋನಿಗಳಿಗೆ ಹೋದರು, ಅದು ಒಳ್ಳೆಯದೇ ಆಯಿತು. ಲೈನ್ ಮನೆಯನ್ನು ಪ್ರೀತಿಯಿಂದ ನೆನೆಯುವ ಹಳಬರನ್ನು ನಾವು ಹೆಚ್ಚು ಕಂಡಿಲ್ಲ. ಆದರೆ ಹೋಗಲು ಜಾಗವಿಲ್ಲದವರೂ ಇದ್ದರು. ಕೊಡಗಿನ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರಿನಲ್ಲಿ ಅರಣ್ಯ ಇಲಾಖೆ ಐನೂರಕ್ಕೂ ಹೆಚ್ಚು ಆದಿವಾಸಿ ಗುಡಿಸಲುಗಳನ್ನು ಕೆಡವಿದಾಗ ರಾಜ್ಯಕ್ಕೆಲ್ಲ ಈ ಪ್ರಶ್ನೆ ಕೇಳಿಸಿತು. ಆ ಗುಡಿಸಲುಗಳಲ್ಲಿದ್ದ ಬಹಳ ಮಂದಿ ಎಸ್ಟೇಟುಗಳ ಲೈನ್ ಮನೆಗಳಿಂದ ಹೊರಬಂದವರು. ತಲೆಮಾರುಗಳಿಂದ ತೋಟದಲ್ಲಿ ದುಡಿದವರಿಗೆ ಗುಡಿಸಲು ಹಾಕಲು ಒಂದು ಅಂಕಣ ನೆಲ ಇರಲಿಲ್ಲ. ದೊಡ್ಡ ಹೋರಾಟವಾದ ಮೇಲೆ 2018ರಲ್ಲಿ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಮನೆಗಳು ಸಿಕ್ಕವು. ಅದೇ ಜಿಲ್ಲೆ, ಅದೇ ವರ್ಷಗಳು. ಒಂದು ಕಡೆ ಮನೆ ಕೇಳುತ್ತಿರುವವರು, ಇನ್ನೊಂದು ಕಡೆ ವಾರಕ್ಕೈದು ರಾತ್ರಿ ಬೀಗ ಹಾಕಿದ ಮನೆಗಳು. ಒಂದಕ್ಕೊಂದು ನೇರ ಕಾರಣವೆಂದು ನಾವು ಹೇಳುತ್ತಿಲ್ಲ. ಎರಡನ್ನೂ ಒಂದೇ ಪುಟದಲ್ಲಿಟ್ಟು ನೋಡದೆ ಹೋಂ ಸ್ಟೇ ಬಗ್ಗೆ ಬರೆಯುವುದು ಅರ್ಧ ಬರಹ.

ಉಳಿದಿರುವ ಲೈನ್‌ಗಳಲ್ಲಿ ಈಗ ಹೊಸಬರಿದ್ದಾರೆ. ಅಸ್ಸಾಮಿನಿಂದ ಮೂರು ಹಗಲು ರೈಲಿನಲ್ಲಿ ಬರುವ, ಬಂಗಾಳಿ ಮಾತಾಡುವ ಕೂಲಿಕಾರರು; ಅವರಲ್ಲಿ ಮುಸ್ಲಿಮರು ಬಹಳ. ಕೊಯ್ಲಿನ ಕಾಲಕ್ಕೆ ಅವರಿಲ್ಲದಿದ್ದರೆ ಹಣ್ಣು ಗಿಡದಲ್ಲೇ ಉದುರುತ್ತದೆಂದು ಬೆಳೆಗಾರರೇ ಹೇಳುತ್ತಾರೆ. ಪೌರತ್ವ ತಿದ್ದುಪಡಿ ಕಾಯ್ದೆಯ ಗದ್ದಲದ ನಡುವೆ, 2020ರ ಜನವರಿಯಲ್ಲಿ, ಕೊಡಗಿನ ಪೊಲೀಸರು ಇವರನ್ನು ದಾಖಲೆ ಸಮೇತ ಹಾಜರುಪಡಿಸಲು ಎಸ್ಟೇಟ್ ಮಾಲೀಕರಿಗೆ ಸೂಚಿಸಿದರು. ಸಾವಿರಾರು ಜನ ಕೆಲಸ ಬಿಟ್ಟು ಸಾಲಿನಲ್ಲಿ ನಿಂತರು. ಹೋಂ ಸ್ಟೇಯ ಮೇಜಿನ ಮೇಲೂ ಒಂದು ಪುಸ್ತಕವಿರುತ್ತದೆ, ಅತಿಥಿಗಳ ಗುರುತಿನ ಚೀಟಿ ಅಂಟಿಸುವುದಕ್ಕೆ. ಅಲ್ಲಿ ಹೆಸರು ಬರೆಯುವುದು ಬರೀ ಶಿಷ್ಟಾಚಾರ. ಆದರೂ ಫೋನಿನಲ್ಲಿ ಕೋಣೆ ಇದೆ ಎಂದವರು, ನಮ್ಮ ಹೆಸರು ಕೇಳಿ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಕೋಣೆ ಭರ್ತಿ ಎಂದದ್ದು ನಮ್ಮ ಅನುಭವದಲ್ಲಿ ಎರಡು ಸಲವಾಗಿದೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಹತ್ತು ಕಡೆ ಬಾಗಿಲು ತೆರೆದಿತ್ತು ಎಂಬುದೂ ಅಷ್ಟೇ ನಿಜ.

ಮುಸಾಫಿರನ ಹಕ್ಕು ಮೂರು ದಿನ, ಅದರಾಚೆಗಿನದು ದಾನ ಎಂಬ ತಿಳಿವಳಿಕೆಯಲ್ಲಿ ಬೆಳೆದವರು ನಾವು. ಮಲೆನಾಡಿನ ಮನೆಗಳ ಜಗಲಿಗೂ ಇಂಥದೊಂದು ಅಲಿಖಿತ ಕಾನೂನಿತ್ತು. ಘಟ್ಟದ ಕೆಳಗಿನ ಬ್ಯಾರಿ ವ್ಯಾಪಾರಿಗೂ, ಜಾತ್ರೆಗೆ ಹೊರಟವನಿಗೂ ರಾತ್ರಿ ಕಳೆಯಲು ಜಗಲಿ ಸಿಗುತ್ತಿತ್ತು. ಹಾಗೆಂದು ಆ ಕಾಲವನ್ನು ಹಾಡಿ ಹೊಗಳುವುದು ಬೇಡ. ಯಾರು ಜಗಲಿಯವರೆಗೆ, ಯಾರು ಅಂಗಳದವರೆಗೆ, ಯಾರು ಕೊಟ್ಟಿಗೆಯ ಬದಿಗೆ ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ದುಡ್ಡು ಕೊಟ್ಟವರೆಲ್ಲ ಒಳಗೆ ಬರಬಹುದಾದ ಇಂದಿನ ವ್ಯವಸ್ಥೆ ಆ ಮಟ್ಟಿಗೆ ಮೇಲು ಎಂದೇ ನಾವು ತಿಳಿಯುತ್ತೇವೆ.

ಈಗ ಗೋಡೆಯ ಮೇಲಿನ ಕಥೆಗೆ ಬರೋಣ. ಚಿಕ್ಕಮಗಳೂರಿನ ಕಡೆಯ ಹೋಂ ಸ್ಟೇಗಳಲ್ಲಿ ಕಾಫಿಯ ಇತಿಹಾಸ ಹೇಳುವ ಒಂದು ಚೌಕಟ್ಟು ಸಾಮಾನ್ಯ. ಬಾಬಾಬುಡನ್ ಎಂಬ ಸಂತ ಯೆಮನ್ನಿನ ಮೋಕಾದಿಂದ ಏಳು ಬೀಜ ತಂದ ಐತಿಹ್ಯ ಅದರಲ್ಲಿ ತಪ್ಪದೆ ಇರುತ್ತದೆ. ಅತಿಥಿಗೆ ಅದೊಂದು ಮುದ್ದಾದ ಕಥೆ. ಅದೇ ಸಂತನ ಹೆಸರಿನ ಗಿರಿಯಲ್ಲಿ 1990ರ ದಶಕದ ಕೊನೆಯಿಂದ ಏನೇನಾಯಿತು, ಯಾರು ಪೂಜಿಸಬೇಕು, ಯಾರು ಫಾತಿಹಾ ಓದಬೇಕು ಎಂದು ಕೋರ್ಟಿನ ಮೆಟ್ಟಿಲು ಎಷ್ಟು ಸಲ ಹತ್ತಿ ಇಳಿಯಲಾಯಿತು ಎಂಬುದು ಚೌಕಟ್ಟಿನಲ್ಲಿಲ್ಲ. ಅದು ಇರಬೇಕೆಂದು ರಜೆಯ ಮನೆಯಿಂದ ಬಯಸುವುದೂ ಅತಿಯಾದೀತು. ಚೌಕಟ್ಟಿನಲ್ಲಿ ಬಾಬಾಬುಡನ್ ಆದ ಮೇಲೆ ನೇರವಾಗಿ ಬ್ರಿಟಿಷ್ ಸಾಹೇಬರು, ಅವರಾದ ಮೇಲೆ ಮಾಲೀಕರ ಅಜ್ಜ. ನಡುವೆ ಬೇರೆ ಯಾರೂ ಇಲ್ಲ. ಕಾಡು ಕಡಿದವರಿಲ್ಲ, ಗುಂಡಿ ತೋಡಿದವರಿಲ್ಲ, ಹಣ್ಣು ಬಿಡಿಸಿದವರಿಲ್ಲ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂದ ಕಾದಂಬರಿ. ಮಲೆನಾಡಿನ ದೊಡ್ಡ ಮನೆಗಳು ಅದರಲ್ಲಿವೆ. ಆದರೆ ಗುತ್ತಿ, ತಿಮ್ಮಿ, ಐತ, ಪೀಂಚಲು ಇವರಿಗೆ ಅಲ್ಲಿ ಗೌಡರುಗಳಿಗಿಂತ ಕಡಿಮೆ ಜಾಗವಿಲ್ಲ. ಸಾಬರೂ ಇದ್ದಾರೆ, ನಮಗೆ ಹಿತವಾಗುವಂತೆ ಎಲ್ಲ ಕಡೆ ಇಲ್ಲ, ಆದರೆ ಇದ್ದಾರೆ. ಕೊಟ್ಟಿಗೆ, ಕಣ, ಬಿಡಾರ ಇವೆಲ್ಲ ಅಲ್ಲಿ ಯಾರೋ ಒಬ್ಬರ ಹೆಸರಿನೊಂದಿಗೆ ಬರುತ್ತವೆ. ಅದೇ ಮಲೆನಾಡನ್ನು ಮಾರುವ ಹೋಂ ಸ್ಟೇಯ ಹಾಳೆಗಳಲ್ಲಿ ಮಂಜಿದೆ, ಮರವಿದೆ, ಹಕ್ಕಿಗಳ ಹೆಸರಂತೂ ಎರಡು ಪುಟ. ಹಕ್ಕಿಗಳಿಗೆ ಸಿಕ್ಕ ಹೆಸರು ಲೈನ್ ಮನೆಯವರಿಗೆ ಸಿಕ್ಕಿಲ್ಲ.

ಒಂದು ಕಡೆ ಸಿಕ್ಕಿತ್ತು ಎನ್ನಬೇಕು, ಆದರೆ ಬೇರೆಯೇ ರೀತಿಯಲ್ಲಿ. ಗೋದಾಮನ್ನು ಊಟದ ಮನೆ ಮಾಡಿದ್ದ ಆ ಎಸ್ಟೇಟಿನಲ್ಲಿ ಹಳೆಯ ತಕ್ಕಡಿ, ದೀಪ, ಸೇರುಗಳ ಜೊತೆ ಗಾಜಿನ ಪೆಟ್ಟಿಗೆಯಲ್ಲಿ ಒಂದು ಚೆಕ್‌ರೋಲ್ ಪುಸ್ತಕ ತೆರೆದಿಟ್ಟಿದ್ದರು. ವಾರದ ಹಾಜರಿ, ಕೂಲಿ, ಮುಂಗಡ ಕಳೆದು ಉಳಿದದ್ದು, ಕೊನೆಯ ಕಲಮಿನಲ್ಲಿ ಹೆಬ್ಬೆಟ್ಟು. ಅಕ್ಷರ ಮುದ್ದಾಗಿದೆ ಎಂದು ಅತಿಥಿಗಳು ಫೋಟೋ ತೆಗೆಯುತ್ತಿದ್ದರು. ನಾವು ಹೆಸರುಗಳನ್ನು ಓದಿದೆವು. ಇವರ ಪೈಕಿ ಯಾರ ಮನೆಯವರಾದರೂ ಈಗ ಇಲ್ಲಿದ್ದಾರೆಯೇ ಎಂದು ಕೇಳಿದಾಗ ಮಾಲೀಕರು ಯೋಚಿಸಿ, ಒಬ್ಬಾಕೆ ಇದ್ದಾಳೆ, ಕೋಣೆ ಗುಡಿಸಲು ಬರುತ್ತಾಳಲ್ಲ ಅವಳು, ಅವಳ ಅಜ್ಜಿಯ ಹೆಸರು ಇರಬೇಕು ಎಂದರು. ಆಕೆಗೆ ಆ ಪುಸ್ತಕದ ವಿಷಯ ಯಾರೂ ಹೇಳಿರಲಿಲ್ಲ. ಮಾಲೀಕರು ಕೆಟ್ಟವರಲ್ಲ. ಅದು ಹೇಳಬೇಕಾದ ಸಂಗತಿ ಎಂದು ಅವರಿಗೆ ಹೊಳೆದಿರಲಿಲ್ಲ.

ಕಾನೂನು ಇಲ್ಲಿ ಏನು ಮಾಡಬಹುದು? ಕೃಷಿಭೂಮಿಯನ್ನು ಬೇರೆ ಉಪಯೋಗಕ್ಕೆ ತಿರುಗಿಸುವುದನ್ನು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮು ನಿಯಂತ್ರಿಸುತ್ತದೆ. ಅದು ನೋಡುವುದು ನೆಲವನ್ನು, ನೆಲದ ಮೇಲಿದ್ದವರನ್ನಲ್ಲ. ಇಟಲಿಯವರದು ಬೇರೆ ದಾರಿ. ಅಲ್ಲೂ ಹಳ್ಳಿಗಳು ಖಾಲಿಯಾಗಿ ಹುಲ್ಲಿನ ಮನೆ, ಕೊಟ್ಟಿಗೆಗಳು ಪಾಳು ಬಿದ್ದಿದ್ದವು. 1985ರಲ್ಲಿ ಅವರು ಒಂದು ಕಾನೂನು ತಂದರು. 2006ರಲ್ಲಿ ಅದರ ಜಾಗಕ್ಕೆ ಇನ್ನೊಂದು ಬಂತು. ಅಗ್ರಿಟೂರಿಸ್ಮೋ ಎಂಬ ಹೆಸರು ಹಾಕಿಕೊಳ್ಳಬೇಕಾದರೆ ನಡೆಸುವವರು ರೈತರೇ ಆಗಿರಬೇಕು, ಜಮೀನಿನಲ್ಲಿ ಆಗಲೇ ಇರುವ ಕಟ್ಟಡಗಳನ್ನು ಬಳಸಬೇಕು, ಅತಿಥಿಗಳ ಚಾಕರಿಗಿಂತ ಬೇಸಾಯಕ್ಕೆ ಹೆಚ್ಚು ಹೊತ್ತು ಹೋಗುತ್ತಿರಬೇಕು. ಹತ್ತು ಅತಿಥಿಗಳ ಒಳಗಿದ್ದರೆ ಲೆಕ್ಕ ಕೇಳುವುದಿಲ್ಲ, ಬೇಸಾಯವೇ ಮುಖ್ಯವೆಂದು ಒಪ್ಪುತ್ತಾರೆ. ದುಡಿಮೆಯ ಗಂಟೆಗಳನ್ನೇ ಅಳತೆಗೋಲು ಮಾಡಿದ ಈ ಯೋಚನೆ ನಮಗೆ ಇಷ್ಟವಾಗುತ್ತದೆ. ನಮ್ಮಲ್ಲಿ ಅದಕ್ಕೆ ಇನ್ನೊಂದು ಷರತ್ತು ಸೇರಬೇಕು: ಲೈನ್ ಮನೆಯನ್ನು ಕೋಣೆ ಮಾಡುವ ಮೊದಲು ಅಲ್ಲಿ ಕೊನೆಗೆ ಇದ್ದವರಿಗೆ ಎಲ್ಲಿ ಸೂರಾಗಿದೆ ಎಂಬುದನ್ನು ಗ್ರಾಮ ಪಂಚಾಯಿತಿಗೆ ಬರೆದುಕೊಡಬೇಕು. ಇದೇನೂ ಕ್ರಾಂತಿಯಲ್ಲ, ಒಂದು ಹಾಳೆಯ ಕೆಲಸ.

ಹಳೆಯ ಕಟ್ಟಡವನ್ನೇ ಬಳಸುವುದರಲ್ಲಿ ಇನ್ನೊಂದು ವಿವೇಕವಿದೆ, ಅದನ್ನು 2018ರ ಆಗಸ್ಟ್ ಕಲಿಸಿತು. ಕೊಡಗಿನ ಗುಡ್ಡಗಳು ಕುಸಿದಾಗ, ಇಳಿಜಾರುಗಳನ್ನು ಕಡಿದು ರಸ್ತೆ, ಮನೆ, ವಸತಿಗೃಹ ಕಟ್ಟಿದ್ದೂ ಒಂದು ಕಾರಣವೆಂದು ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಹೇಳಿತು. ಹಳಬರು ಕೊಟ್ಟಿಗೆಯನ್ನು, ಗೋದಾಮನ್ನು ಎಲ್ಲಿ ಬೇಕೆಂದರಲ್ಲಿ ಕಟ್ಟುತ್ತಿರಲಿಲ್ಲ; ನೀರು ಇಳಿಯುವ ದಾರಿ ಬಿಟ್ಟು, ಗಟ್ಟಿ ನೆಲ ನೋಡಿ ಕಟ್ಟುತ್ತಿದ್ದರು. ಮಂಜು ಕಾಣುವ ತುದಿಯಲ್ಲಿ ಜೆಸಿಬಿ ತಂದು ಕಟ್ಟಿದ ಹೊಸ ಕೋಣೆಗಿಂತ ತಿರುಗಿಸಿದ ಕೊಟ್ಟಿಗೆ ಎಷ್ಟೋ ವಾಸಿ.

2024-25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ರೊಬಸ್ಟಾ ಬೆಳೆದವರು ಕೂಡ ನಗುವಂತಾಯಿತು. ಬೆಲೆ ಬಿದ್ದದ್ದಕ್ಕೆ ಕಾಟೇಜಾದ ಲೈನ್ ಮನೆಗಳು ಬೆಲೆ ಏರಿದ್ದಕ್ಕೆ ಮತ್ತೆ ಲೈನ್ ಮನೆಗಳಾಗಲಿಲ್ಲ. ಆಗಲಿ ಎಂದು ಯಾರೂ ಕೇಳಲೂ ಇಲ್ಲ, ನಾವೂ ಕೇಳುತ್ತಿಲ್ಲ. ಆದರೆ ಆ ಕೊಯ್ಲಿನಲ್ಲೂ ಬೆಳೆಗಾರರ ಸಭೆಗಳಲ್ಲಿ ಮೊದಲು ಕೇಳಿಸಿದ ದೂರು ಆಳು ಸಿಗುತ್ತಿಲ್ಲ ಎಂಬುದೇ. ಬಂದ ಆಳುಗಳನ್ನು ಎಲ್ಲಿ ಇರಿಸಿದ್ದೀರಿ ಎಂದು ನಾವು ಕೆಲವರನ್ನು ವಿಚಾರಿಸಿದೆವು. ಕಾಟೇಜುಗಳ ಹಿಂದೆ, ಅತಿಥಿಗಳ ಕಣ್ಣಿಗೆ ಬೀಳದಂತೆ ಬಿದಿರು ನೆಟ್ಟು, ಅದರಾಚೆ ತಗಡಿನ ಶೆಡ್ಡು ಹಾಕಿಸಿದ್ದೇವೆ ಎಂದರು.